ಮುನಿರತ್ನಮ್ಮ ತೊಳೆದ ಗಾಜು

ಮುನಿರತ್ನಮ್ಮನಿಗೆ ಹೇಸಿಗೆ ಅನ್ನುವುದು ಹುಟ್ಟಿನಿಂದಲೇ ಬಂದ ಆಸ್ತಿ. ನಲ್ಲೂರಿನ ಹುಣಿಸೆ ತೋಪಿನ ಆಚೆಯ ಹಳ್ಳಿಯಲ್ಲಿ, ಅಪ್ಪ ಆದಿನಾರಾಯಣಪ್ಪನ ತುಂಬಿದ ಮನೆಯಲ್ಲಿ ಬೆಳೆದ ಈ ಹುಡುಗಿ ಇನ್ನೊಬ್ಬರು ಕುಡಿದಿಟ್ಟ ಲೋಟವನ್ನು ಮುಟ್ಟುತ್ತಿರಲಿಲ್ಲ. ತಮ್ಮನ ಮೂಗು ಸೋರಿದರೆ ಅವತ್ತಿನ ಅವಳ ಊಟ ಅಲ್ಲಿಗೆ ಮುಗಿಯಿತು. ಎಮ್ಮೆ ಬಾಲ ಬೀಸಿ ಸೆಗಣಿ ಸಿಡಿದರೆ ಮತ್ತೆ ಸ್ನಾನ, ಮತ್ತೆ ಬಟ್ಟೆ. ನೀರು ಸೇದಿ ಹಾಕುವವರಿಗೆ ಸಾಕಾಗಿ ಹೋಗುತ್ತಿತ್ತು.

ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರವರು ಸೇರಿ ಕುರಿ ಕೊಯ್ದು, ಮುತ್ತುಗದ ಎಲೆಗಳ ಮೇಲೆ ಮಾಂಸವನ್ನು ಗುಡ್ಡೆಗುಡ್ಡೆಯಾಗಿ ಹಾಕಿ, ಮನೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುವುದು ಆ ಕಡೆಯ ಪದ್ಧತಿ. ಈ ಹಂಚಿಕೆ ನಡೆಯುತ್ತಿದ್ದದ್ದು ಆದಿನಾರಾಯಣಪ್ಪನ ಜಗಲಿಯ ಮೇಲೆಯೇ. ನೊಣ ಮುತ್ತಿದ ಕರುಳು, ಕಲ್ಲಿನ ಸಂದಿಗೆ ಇಳಿದ ರಕ್ತ, ಕಾಲ ಸಂದಿಯಲ್ಲಿ ನುಸುಳುವ ನಾಯಿಗಳು, 'ನನ್ನ ಗುಡ್ಡೆಗೆ ಬರೀ ಮೂಳೆ ಹಾಕಿದೀಯ' ಅಂತ ಹಲ್ಲು ಕಡಿಯುವ ನೆಂಟರು. ಒಂದು ವರ್ಷ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ನೋಡಿದ ರತ್ನಮ್ಮ ಹಿತ್ತಲಿಗೆ ಓಡಿ ಕಾರಿಕೊಂಡಳು. ಆಮೇಲೆ ಅವಳು ಬಾಡು ಮುಟ್ಟಲಿಲ್ಲ. ತಾಯಿ ಸೊಣ್ಣಮ್ಮ ಸೌಟು ಹಿಡಿದೇ ರೇಗಿದಳು.

"ನಿಂಗೆ ಯಾವ ರಾಜನ ಮಗನ್ನ ತರೋಣಮ್ಮಾ? ಅವನೂ ಬೆಳಿಗ್ಗೆ ಎದ್ದು ಹಲ್ಲುಜ್ಜಿ ಉಗೀತಾನೆ ಕಣೆ!"

ಆದರೆ ಈ ಚೊಕ್ಕಟದ ಹುಚ್ಚನ್ನು ಮಗಳಿಗೆ ಹಚ್ಚಿದ್ದು ಸೊಣ್ಣಮ್ಮನೇ. ಶುಕ್ರವಾರ ಬಂತೆಂದರೆ ಮನೆಯ ಹಿತ್ತಾಳೆ, ತಾಮ್ರ, ಗಾಜಿನ ಚಿಮಣಿ ಎಲ್ಲವೂ ಹಿತ್ತಲ ಕಲ್ಲಿನ ಮೇಲೆ ಬಂದು ಕೂರಬೇಕು. ಹುಣಿಸೆಹಣ್ಣು ಬಳಿದು, ಮೇಲೆ ರಂಗೋಲಿ ಪುಡಿ ಉದುರಿಸಿ ತಿಕ್ಕಬೇಕು. ಬಿಳಿ ಕಲ್ಲು ಕುಟ್ಟಿ ಮಾಡಿದ ಆ ಪುಡಿಯ ಮೇಲೆ ಹುಣಿಸೆ ರಸ ಬಿದ್ದರೆ ಸಣ್ಣಗೆ ಚುರ್ರೆಂದು ನೊರೆ ಏಳುತ್ತಿತ್ತು. "ನೊರೆ ಬತ್ತದೆ ನೋಡು, ಅದೇ ಕೊಳೆ ಬಿಡೋ ಗುರ್ತು" ಅನ್ನುತ್ತಿದ್ದಳು ಸೊಣ್ಣಮ್ಮ. ನೊರೆ ಬರದ ಹೊರತು ಪಾತ್ರೆ ತೊಳೆದ ಲೆಕ್ಕವಿಲ್ಲ. ರತ್ನಮ್ಮ ಅದನ್ನು ನಂಬಿ ಬೆಳೆದಳು.

ಅವಳು ರಸಾಯನಶಾಸ್ತ್ರ ಓದಿದ್ದಕ್ಕೂ ಈ ಹೇಸಿಗೆಯೇ ಕಾರಣ. ದೇವನಹಳ್ಳಿಯ ಹೈಸ್ಕೂಲಿನಲ್ಲಿ ಮೊದಲ ಸಲ ಬಟ್ಟಿ ಇಳಿಸಿದ ನೀರನ್ನೂ ಥಳಥಳಿಸುವ ಗಾಜಿನ ಕೊಳವೆಯನ್ನೂ ಕಂಡಾಗ ಅವಳಿಗೆ ತನ್ನ ತವರು ಸಿಕ್ಕಂತಾಯಿತು. ಉಗುಳಿಲ್ಲ, ನೊಣವಿಲ್ಲ, ನೆಂಟರಿಲ್ಲ. ಹಟ ಮಾಡಿ ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದಳು. ಎಪ್ಪತ್ತಮೂರರಲ್ಲಿ ನಗರದ ಅಂಚಿನ ಒಂದು ಪ್ರಯೋಗಾಲಯದಲ್ಲಿ ಡಾಕ್ಟರ್ ಚಿನ್ನಸ್ವಾಮಿಯವರ ಕೈಕೆಳಗೆ ಡಾಕ್ಟರೇಟಿಗೆ ಸೇರಿದಳು. ವಿದ್ಯಾರ್ಥಿವೇತನ ಎಪ್ಪತ್ತಾರರ ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಪದವಿ ಬರದಿದ್ದರೆ ಅಪ್ಪ ತೋರಿಸಿದ ಕಡೆ ತಲೆ ಬಾಗಿಸಬೇಕು ಅಂತ ಆದಿನಾರಾಯಣಪ್ಪ ಎಲ್ಲರೆದುರಿಗೆ ಮಾತು ತೆಗೆದುಕೊಂಡಿದ್ದ.

ಅಂಥ ಹುಡುಗಿಯ ಹಣೆಯಲ್ಲಿ ಬರೆದದ್ದೇನು? ಮಾಂಸ.

ಚಿನ್ನಸ್ವಾಮಿಯವರ ಕೆಲಸ ನಡೆಯುತ್ತಿದ್ದದ್ದು ಮೊಲದ ಮಾಂಸಖಂಡದ ಮೇಲೆ. ಮಾಂಸಖಂಡದ ಪ್ರತಿಯೊಂದು ಜೀವಕೋಶದೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಕೂಡಿಟ್ಟಿರುತ್ತದೆ. ಅದು ಹೊರಬಿದ್ದರೆ ಮುಷ್ಟಿ ಬಿಗಿಯುತ್ತದೆ, ಮತ್ತೆ ಚೀಲ ಸೇರಿದರೆ ಸಡಿಲವಾಗುತ್ತದೆ. ಚೀಲದ ಗೋಡೆಯಲ್ಲಿ ಕೂತ ಒಂದು ಪ್ರೋಟೀನು ಕ್ಯಾಲ್ಸಿಯಮ್ಮನ್ನು ಒಳಗೆ ಎಳೆದು ಹಾಕುತ್ತದೆ. ಒಳಗಿರುವ ಇನ್ನೊಂದು ಪ್ರೋಟೀನು ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಒಬ್ಬ ಮೂಟೆ ಹೊರುವವನು, ಇನ್ನೊಬ್ಬ ಕಣಜ ಕಾಯುವವನು ಅಂದುಕೊಳ್ಳಿ. ಇಬ್ಬರೂ ಇದ್ದಾರೆಂದು ಹೊರದೇಶದವರು ಆಗಲೇ ಕಂಡುಕೊಂಡಿದ್ದರು. ಕಾಯುವವನು ಹೊರುವವನಿಗೆ 'ಸಾಕು, ತುಂಬಿತು' ಅಂತ ಹೇಳುತ್ತಾನೋ ಇಲ್ಲವೋ, ಚಿನ್ನಸ್ವಾಮಿಯವರು ಹಿಂದೆ ಬಿದ್ದದ್ದು ಈ ಪ್ರಶ್ನೆಗೆ.

ಪ್ರಶ್ನೆ ಚೆನ್ನಾಗಿತ್ತು. ಅದನ್ನು ಕೇಳುವ ವಿಧಾನ ಮಾತ್ರ ಹೊಟ್ಟೆ ತೊಳಸುವಂಥದ್ದು. ಮೊಲ ಕೊಲ್ಲಬೇಕು. ಬೆನ್ನಿನ ಮಾಂಸ ಬಿಚ್ಚಿ, ಇನ್ನೂ ಅದುರುತ್ತಿರುವಾಗಲೇ ಮಂಜುಗಡ್ಡೆಯ ಮೇಲಿಟ್ಟು ನುಣ್ಣಗೆ ಅರೆಯಬೇಕು. ಆ ಗುಲಾಬಿ ಬಣ್ಣದ ಗಂಜಿಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಚೀಲಗಳನ್ನು ಬೇರೆ ಮಾಡಬೇಕು. ಆಮೇಲೆ ವಿಕಿರಣದ ಗುರುತು ಹಾಕಿದ ಕ್ಯಾಲ್ಸಿಯಂ ಕೊಟ್ಟು, ಅದರಲ್ಲಿ ಎಷ್ಟು ಒಳಗೆ ಹೋಯಿತೆಂದು ಅಳೆಯಬೇಕು. ಮಾಂಸ ಇಡುತ್ತಿದ್ದ ಫ್ರಿಜ್ಜಿನಲ್ಲೇ ಚಿನ್ನಸ್ವಾಮಿಯವರ ಮೊಸರನ್ನದ ಡಬ್ಬಿಯೂ ಇರುತ್ತಿತ್ತು. ಮಧ್ಯಾಹ್ನ ಅದನ್ನು ತೆಗೆದು, ಮುಚ್ಚಳ ನೆಕ್ಕಿ, "ತಣ್ಣಗಿದ್ದರೆ ರುಚಿ ಕಣಮ್ಮ" ಅನ್ನುತ್ತಿದ್ದರು. ರತ್ನಮ್ಮ ಆ ಹೊತ್ತಿಗೆ ಹೊರಗೆ ಗಾಳಿಗೆ ಹೋಗಿ ನಿಲ್ಲುತ್ತಿದ್ದಳು.

ಅವಳು ಅಲ್ಲಿ ಉಳಿದದ್ದು ಬೈಲಪ್ಪನ ದೆಸೆಯಿಂದ. ಬೈಲಪ್ಪ ಹೊಸಕೋಟೆ ಕಡೆಯವನು, ನಡು ವಯಸ್ಸಿನ ದಿನಗೂಲಿ ಆಳು. ಮೊಲದ ಕತ್ತು ಮುರಿಯುವವನು ಅವನು, ತೊಗಲು ಸುಲಿಯುವವನು, ಅರೆಯುವವನು, ರಕ್ತದ ನೀರು ಚೆಲ್ಲಿ ನೆಲ ಒರೆಸುವವನು, ಗಾಜನ್ನೆಲ್ಲ ತೊಳೆಯುವವನು. ರತ್ನಮ್ಮ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದಳು. "ಆಯ್ತಮ್ಮಾವ್ರೆ, ಇನ್ನು ತಿರುಕ್ಕೊಳಿ" ಅಂತ ಅವನು ಹೇಳಿದ ಮೇಲೆ ತಿರುಗಿದರೆ, ಶುಭ್ರವಾದ ಗಾಜಿನ ಲೋಟದಲ್ಲಿ ಮಾಂಸದ ಗಂಜಿ ಅವಳಿಗಾಗಿ ಕಾಯುತ್ತಿರುತ್ತಿತ್ತು. ಅವಳ ಪಾಲಿನ ಗಲೀಜನ್ನೆಲ್ಲ ಅವನೇ ಮಾಡುತ್ತಿದ್ದ. ಆದ್ದರಿಂದಲೇ ಇರಬೇಕು, ಅವಳ ಕಣ್ಣಿಗೆ ಆ ಕಟ್ಟಡದಲ್ಲೆಲ್ಲ ಅತಿ ಗಲೀಜು ಮನುಷ್ಯ ಅಂದರೆ ಬೈಲಪ್ಪ.

ಮುಖ್ಯವಾಗಿ ಅವನ ಎಲೆಅಡಿಕೆ. ಬೆಳಗಿನಿಂದ ಸಂಜೆಯವರೆಗೂ ಒಂದು ದವಡೆ ಊದಿಕೊಂಡೇ ಇರುತ್ತಿತ್ತು. ಮಾತಾಡಿದರೆ ಕೆಂಪು ಹನಿ ಸಿಡಿಯುತ್ತಿತ್ತು. ಕಿಟಕಿಯಾಚೆಯ ಹೂಕುಂಡಕ್ಕೆ ಅವನು ಪಿಚಕ್ಕನೆ ಉಗಿದಾಗೆಲ್ಲ ರತ್ನಮ್ಮನ ಬೆನ್ನು ಜುಂ ಅನ್ನುತ್ತಿತ್ತು. ಆ ಗಿಡ ಸಾಯದೆ ಇನ್ನೂ ದಟ್ಟವಾಗಿ ಬೆಳೆದದ್ದು ಅವಳಿಗೆ ಮತ್ತಷ್ಟು ಅಸಹ್ಯ. ಸೊಂಟದಲ್ಲಿ ತಗಡಿನ ಸುಣ್ಣಕಾಯಿ, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಸುಣ್ಣ.

ಇಂಥವನು ತೊಳೆದ ಗಾಜನ್ನು ಹಾಗೇ ಮುಟ್ಟುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ತನಗೆ ಹೇಳಿಕೊಟ್ಟ ಹಾಗೆ ಬೈಲಪ್ಪ ಕೊಳವೆಗಳನ್ನು ಆಸಿಡ್ಡಿನಲ್ಲಿ ಅದ್ದಿ, ಬಟ್ಟಿ ನೀರಿನಲ್ಲಿ ಜಾಲಾಡಿ ಸಾಲಾಗಿ ಮಗುಚಿಡುತ್ತಿದ್ದ. ಅವನು ಅತ್ತ ಹೋದ ಮೇಲೆ ರತ್ನಮ್ಮ ಕೈಗೆ ಸಿಕ್ಕಷ್ಟನ್ನು ಮತ್ತೆ ತೊಳೆದುಕೊಳ್ಳುತ್ತಿದ್ದಳು. ಊರಿನಿಂದ ಒಂದು ಹಾರ್ಲಿಕ್ಸ್ ಶೀಸೆಯ ತುಂಬ ರಂಗೋಲಿ ಪುಡಿ ತಂದಿಟ್ಟುಕೊಂಡಿದ್ದಳು. ಬಟ್ಟೆಗೆ ಪುಡಿ ಹಚ್ಚಿ ಒಳಹೊರಗೆ ತಿಕ್ಕಿ, ನೀರು ಹಾಕಿ, ಬೆಳಕಿಗೆ ಹಿಡಿದು ನೋಡಿ, ಕನ್ನಡಿಯಂತಾದ ಮೇಲೇ ಅವಳಿಗೆ ಉಸಿರು ಬರುತ್ತಿತ್ತು. ಹೊತ್ತಾದ ದಿನ ಮಾತ್ರ ಕೆಲವನ್ನು ಬೈಲಪ್ಪ ತೊಳೆದಿಟ್ಟಂತೆಯೇ ಮೂಗು ಮುರಿದು ಬಳಸುತ್ತಿದ್ದಳು.

ಎರಡು ವರ್ಷ ಕಳೆದರೂ ಕೆಲಸ ದಡ ಹತ್ತಲಿಲ್ಲ. ಒಂದು ಕೊಳವೆಯಲ್ಲಿ ಹೊರುವ ಪ್ರೋಟೀನು ಗುರುತಿನ ಕ್ಯಾಲ್ಸಿಯಮ್ಮನ್ನು ಬಾಚಿ ಬಾಚಿ ಒಳಗೆ ಹಾಕುತ್ತಿತ್ತು. ಪಕ್ಕದ ಕೊಳವೆಯಲ್ಲಿ ಅದೇ ಮೊಲದ ಅದೇ ಚೀಲ ಒಂದಿಷ್ಟು ತೆಗೆದುಕೊಂಡು ಸುಮ್ಮನಾಗಿಬಿಡುತ್ತಿತ್ತು. ಸುಮ್ಮನಾದದ್ದನ್ನು ಕಂಡರೆ ಚಿನ್ನಸ್ವಾಮಿಯವರಿಗೆ ಹಬ್ಬ. "ನೋಡು, ಒಳಗಿನವನು ಸಾಕು ಅಂತಿದಾನೆ! ಇದನ್ನ ಯಾರೂ ತೋರಿಸಿಲ್ಲ. ಎಲ್ಲ ಕೊಳವೇಲೂ ಒಂದೇ ಥರ ಬರೋ ಹಾಗೆ ಮಾಡು, ಬರೆದು ಕಳಿಸೋಣ, ನಿನ್ನ ಡಿಗ್ರಿಯೂ ಆಯ್ತು." ಆದರೆ ಅದು ಒಂದೇ ಥರ ಬರಲೊಲ್ಲದು. ಎಪ್ಪತ್ತೈದರ ಮಳೆಗಾಲ ಬಂತು. ಅಪ್ಪ ದೊಡ್ಡಬಳ್ಳಾಪುರದ ಕಡೆ ಗಂಡು ನೋಡಿಟ್ಟಿರುವ ಸುದ್ದಿಯೂ ಬಂತು.

ಒಂದು ಬೆಳಿಗ್ಗೆ ಬೈಲಪ್ಪ ತೊಳೆದ ಕೊಳವೆಗಳ ಬುಟ್ಟಿ ತಂದು ಅವಳ ಮುಂದಿಟ್ಟ. ಅಂಚಿನ ಮೇಲೆ ಅವನ ಹೆಬ್ಬೆರಳು. ಉಗುರಿನಲ್ಲಿ ಸುಣ್ಣ.

ರತ್ನಮ್ಮನ ತಲೆಯಲ್ಲಿ ದೀಪ ಹತ್ತಿತು. ಸುಣ್ಣ ಅಂದರೆ ಮತ್ತೇನು, ಕ್ಯಾಲ್ಸಿಯಮ್ಮೇ ತಾನೆ! ಗುರುತು ಹಾಕಿದ ಕ್ಯಾಲ್ಸಿಯಂ ಕೊಡುವ ಮೊದಲೇ ಈ ಮನುಷ್ಯನ ಬೆರಳಿನದು ಕೊಳವೆಯೊಳಗೆ ಕೂತಿದ್ದರೆ? ಚೀಲ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡರೆ ಇವಳು ಕೊಟ್ಟದ್ದಕ್ಕೆ ಜಾಗವೆಲ್ಲಿ? ಇಷ್ಟು ದಿನ ಬರೀ ಅಸಹ್ಯವಾಗಿದ್ದ ಬೆರಳು ಈಗ ಅವಳಿಗೆ ಪುರಾವೆಯೂ ಆಯಿತು. ಸೀದಾ ಚಿನ್ನಸ್ವಾಮಿಯವರ ಕೋಣೆಗೆ ನಡೆದಳು. ಅವಳಿಗೆ ಸಂತೋಷವೇ ಆಗುತ್ತಿತ್ತು ಅನ್ನುವುದನ್ನು ಇಲ್ಲಿ ಮುಚ್ಚಿಡಬಾರದು.

ಬೈಲಪ್ಪನನ್ನು ಕರೆಸಿದರು. ಅವನು ಬಾಯಲ್ಲಿದ್ದದ್ದನ್ನು ನುಂಗಿಕೊಂಡು ಬಂದು ನಿಂತ.

"ಕೈ ತೊಳ್ಕೊಂಡೇ ಮುಟ್ತೀನಿ ಸಾಮಿ" ಅಂದ. ಎರಡೂ ಅಂಗೈ ಬಿಚ್ಚಿ ತೋರಿಸಿದ. ಆಸಿಡ್ಡಿನಿಂದ ಬಿರಿದು ಬೆಳ್ಳಗಾದ ಅಂಗೈಗಳು. "ಆಸಿಡ್ಡಾಗೂ ಅದ್ತೀನಿ. ಅಮ್ಮಾವ್ರನ್ನೇ ಕೇಳಿ."

"ಉಗುರು ತೋರಿಸು ಬೈಲಪ್ಪ" ಅಂದಳು ರತ್ನಮ್ಮ. "ನೀನು ತೊಳೆದದ್ದನ್ನ ನೋಡಿದ್ರೆ ನಂಗೆ ವಾಕರಿಕೆ ಬರುತ್ತೆ."

ಅವನು ಉಗುರು ತೋರಿಸಲಿಲ್ಲ. ಕೈ ಕೆಳಗಿಳಿಸಿ ಅವಳನ್ನು ನೋಡಿದ. ದಿನಗೂಲಿಯವನನ್ನು ತೆಗೆಯುವುದಕ್ಕೆ ಕಾಗದಪತ್ರ ಯಾವುದೂ ಬೇಕಿರಲಿಲ್ಲ. ನಾಳೆಯಿಂದ ಬರಬೇಡ ಅಂದರು, ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಇನ್ನು ಮೊಲ ಕೊಲ್ಲುವುದಕ್ಕೆ ಪಕ್ಕದ ವಿಭಾಗದವನೊಬ್ಬ ಬಂದು ಹೋಗುತ್ತಿದ್ದ. ಗಾಜು ಮಾತ್ರ ಪೂರ್ತಿ ರತ್ನಮ್ಮನ ಕೈಗೆ ಬಂತು. ಬೈಲಪ್ಪನ ವಾಸನೆಯೇ ಉಳಿಯಬಾರದೆಂದು ಅವಳು ಆಸಿಡ್ಡಿನ ತೊಟ್ಟಿಯನ್ನೂ ಚೆಲ್ಲಿಸಿದಳು. ಪ್ರತಿ ಕೊಳವೆಯನ್ನೂ ರಂಗೋಲಿ ಪುಡಿಯಲ್ಲಿ ಉಜ್ಜಿದಳು. ಮೊದಲ ವಾರದಲ್ಲೇ ಫಲ ಸಿಕ್ಕಿತು. ಎಲ್ಲ ಕೊಳವೆಗಳೂ ಒಂದೇ ಮಾತು ಹೇಳತೊಡಗಿದವು. ಹೊರುವವನು ಒಂದಿಷ್ಟನ್ನು ಹೊತ್ತುಹಾಕಿ ನಿಂತುಬಿಡುತ್ತಿದ್ದ, ಒಂದರಲ್ಲೂ ತಪ್ಪದೆ.

"ಆ ಕೊಳಕ ತೊಲಗಿದ್ದೇ ತಡ, ಹೆಂಗೆ ನೆಟ್ಟಗಾಯ್ತು ನೋಡಿದೆಯಾ!" ಅಂತ ಚಿನ್ನಸ್ವಾಮಿಯವರು ಮೊಸರನ್ನದ ಕೈಯಲ್ಲೇ ಅವಳ ಬೆನ್ನು ತಟ್ಟಿದರು. ಸುಣ್ಣ ಹೋದ ಮೇಲೆ ನಿಲ್ಲುವುದೂ ತಪ್ಪಬೇಕಿತ್ತಲ್ಲ ಅನ್ನುವುದು ಆ ಸಂಭ್ರಮದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಅವರು ಲೇಖನ ಬರೆಯಲು ಕೂತರು. ರತ್ನಮ್ಮ ಮನೆಗೆ ಹೋಗಿ ಸೀರೆ ಒಗೆಯಲು ಹಾಕಿದಳು. ಆದರೂ ಅವತ್ತು ಅವಳಿಗೆ ನಿದ್ದೆ ಚೆನ್ನಾಗಿ ಬಂತು.

ಲೇಖನ ಟೈಪಾಗಿ ಅಂಚೆಗೆ ಹೋಗುವುದೊಂದು ಬಾಕಿ ಇದ್ದಾಗ ಅವಳು ಊರಿಗೆ ಬಂದಿದ್ದಳು. ಶುಕ್ರವಾರ. ಸೊಣ್ಣಮ್ಮನ ಸೊಂಟ ಹಿಡಿದಿತ್ತು, ರತ್ನಮ್ಮನೇ ಹಿತ್ತಲಲ್ಲಿ ಕೂತು ದೀಪದ ಕಂಬಗಳಿಗೆ ಹುಣಿಸೆಹಣ್ಣು ಬಳಿದಳು, ಪುಡಿ ಉದುರಿಸಿದಳು. ಚುರ್ರೆಂದು ನೊರೆ ಎದ್ದಿತು.

ಅವಳ ಕೈ ಅಲ್ಲೇ ನಿಂತಿತು.

ಹುಳಿ ಬಿದ್ದರೆ ನೊರೆ ಕಕ್ಕುವ ಬಿಳಿ ಕಲ್ಲು ಯಾವುದೆಂದು ಅವಳು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದು ಅಂಕ ತೆಗೆದುಕೊಂಡಿರಲಿಲ್ಲ! ಆ ನೊರೆ ಕೊಳೆ ಬಿಡುವ ಗುರುತಲ್ಲ, ಸುಣ್ಣದ ಕಲ್ಲಿನ ಗುರುತು. ಹುಟ್ಟಿದಾಗಿನಿಂದ ಕಣ್ಣೆದುರಿಗೆ ಚುರುಗುಟ್ಟುತ್ತಿದ್ದರೂ ಅವ್ವನ ಮಾತೇ ಅವಳ ಕಿವಿಯಲ್ಲಿತ್ತು. ಬೈಲಪ್ಪನ ಉಗುರಿನಲ್ಲಿದ್ದದ್ದು ಒಂದು ಚಿಟಿಕೆ, ಅದನ್ನೂ ಅವನು ಆಸಿಡ್ಡಿನಲ್ಲಿ ಕಳೆಯುತ್ತಿದ್ದ. ಇವಳು ಶೀಸೆಗಟ್ಟಲೆ ತಂದು, ತಿಕ್ಕಿ ತಿಕ್ಕಿ, ಗಾಜಿನ ಗೀರುಗೀರಿಗೂ ತುಂಬಿದ್ದಳು. ಒಳಗಿನವನು ಯಾರಿಗೂ ಸಾಕು ಅಂದಿರಲಿಲ್ಲ. ಚೀಲಗಳು ಇವಳ ಚೊಕ್ಕಟದಿಂದಲೇ ಹೊಟ್ಟೆ ತುಂಬಿಸಿಕೊಂಡಿದ್ದವು.

ರತ್ನಮ್ಮನಿಗೆ ತನ್ನ ಕೈ ಕಂಡು ಹೇಸಿಗೆಯಾಯಿತು. ಎದ್ದು ಹೋಗಿ ಬಾವಿಕಟ್ಟೆಯಲ್ಲಿ ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು. "ಏನಾಯ್ತೇ?" ಅಂತ ಸೊಣ್ಣಮ್ಮ ಒಳಗಿನಿಂದ ಕೂಗಿದಾಗ ಅವಳು ಇನ್ನೊಂದು ಕೊಡ ನೀರು ಸೇದುತ್ತಿದ್ದಳು.

ಸೋಮವಾರ ಅವಳು ಅರ್ಧ ಕೊಳವೆಗಳನ್ನು ಪುಡಿಯಲ್ಲಿ ತೊಳೆದಳು, ಅರ್ಧವನ್ನು ಬೈಲಪ್ಪ ತೊಳೆಯುತ್ತಿದ್ದಂತೆ ಆಸಿಡ್ಡಿನಲ್ಲಿ ಅದ್ದಿ, ಬಟ್ಟಿ ನೀರಿನಲ್ಲಿ ಜಾಲಾಡಿದಳು. ಬೈಲಪ್ಪನ ರೀತಿಯವುಗಳಲ್ಲಿ ಹೊರುವವನು ನಿಲ್ಲದೆ ಹೊತ್ತ. ಪುಡಿಯವುಗಳಲ್ಲಿ ನಿಂತುಬಿಟ್ಟ. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಚಿನ್ನಸ್ವಾಮಿಯವರು ಎಲ್ಲವನ್ನೂ ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಅವರ ಮೇಲೆ ಒಂದಿಷ್ಟು ಗೌರವವಾದರೂ ಉಳಿಯುತ್ತಿತ್ತು. ಕಿವಿಗೆ ಕಿರುಬೆರಳು ಹಾಕಿ ತಿರುವಿ, ಬೆರಳಿನ ತುದಿ ನೋಡಿಕೊಂಡು, ನಿಧಾನವಾಗಿ ಹೇಳಿದರು.

"ಲೇಖನ ಕಳಿಸೋದು ಬೇಡ, ಅದೇನು ದೊಡ್ಡದಲ್ಲ. ಆದ್ರೆ ಈ ರಂಗೋಲಿ ಕಥೆ ಹೊರಗೆ ಹೇಳ್ಬೇಡ, ನಮ್ಮ ಮಾನ ಹೋಗುತ್ತೆ. ಆಳಿನ ಸುಣ್ಣದಿಂದ ಕೆಟ್ಟಿತ್ತು ಅಂತಲೇ ಇರ್ಲಿ. ಎಲ್ಲರೂ ನಂಬಿದಾರೆ. ಅವನೂ ಹೋಗಿಯಾಯ್ತು. ನಿಂಗೆ ಇನ್ನೊಂದು ವರ್ಷ ವಿದ್ಯಾರ್ಥಿವೇತನ ಮುಂದಕ್ಕೆ ಹಾಕಿಸ್ತೀನಿ."

ಥೂ. ಮೊಲದ ಕರುಳನ್ನೂ ಹೂಕುಂಡದ ಉಗುಳನ್ನೂ ಕಂಡು ಮುಖ ತಿರುಗಿಸಿದ್ದ ರತ್ನಮ್ಮ ಈಗ ಆ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ನೋಡಿದಳು. ಅದಕ್ಕಿಂತ ಗಲೀಜಾದದ್ದನ್ನು ಅವಳು ಆವರೆಗೆ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಿನ ಹೇಸಿಗೆ, ಒಂದು ಗಳಿಗೆ ತನ್ನ ಮನಸ್ಸೂ ಆ ಮಾತಿಗೆ ವಾಲಿದ್ದು. ಆಫೀಸಿಗೆ ಹೋಗಿ, ತಪ್ಪು ತನ್ನದು, ಬೈಲಪ್ಪನದಲ್ಲ ಅಂತ ಎಲ್ಲರೆದುರಿಗೆ ಹೇಳಿದಳು. ಅಲ್ಲಿದ್ದವರು ನಕ್ಕರು. ಬೇಕಾದರೆ ಅವನನ್ನು ಕರೆದುಕೊಂಡು ಬಾ, ದಿನಗೂಲಿಗೆ ಯಾರಾದರೇನು ಅಂದರು. ಚಿನ್ನಸ್ವಾಮಿಯವರು ವೇತನದ ಮಾತನ್ನು ಮತ್ತೆ ಎತ್ತಲಿಲ್ಲ. ಮಾರ್ಚಿಗೆ ಅವಳ ಪದವಿ ಬರಲಿಲ್ಲ, ಆಮೇಲೂ ಬರಲಿಲ್ಲ. ದೊಡ್ಡಬಳ್ಳಾಪುರದ ಗಂಡನ್ನೇ ಮದುವೆಯಾಗಿ, ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದಳು. ಆದರೆ ಅದೆಲ್ಲ ನಂತರದ ಮಾತು. ಆಫೀಸಿನಿಂದ ಹೊರಬಿದ್ದ ಆ ದಿನ ಅವಳಿಗೆ ಇದ್ದದ್ದು ಒಂದೇ ಆಸೆ, ಬೈಲಪ್ಪನನ್ನು ಮತ್ತೆ ಕೆಲಸಕ್ಕೆ ಕರೆತರಬೇಕು.

ಕೇಳಿಕೊಂಡು ಹೊಸಕೋಟೆಗೆ ಹೋದಳು. ಬೈಲಪ್ಪ ಬಸ್ ಸ್ಟ್ಯಾಂಡಿನ ಹಿಂದೆ, ಗಂಗಣ್ಣ ಅನ್ನುವವನ ಮಿಲಿಟರಿ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ. ಬಾಗಿಲಲ್ಲೇ ಮೂಳೆಗಳ ಬುಟ್ಟಿ, ಅದರ ಮೇಲೆ ನೊಣ, ಕೆಳಗೆ ನಾಯಿ. ಒಳಗೆ ಎಣ್ಣೆ ಜಿಡ್ಡಿನ ಬೆಂಚು. ರತ್ನಮ್ಮ ಉಸಿರು ಬಿಗಿಹಿಡಿದು ಬೆಂಚಿನ ತುದಿಯಲ್ಲಿ ಕೂತಳು. ಬೈಲಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಅದೇ ಊದಿದ ದವಡೆ, ಅದೇ ಉಗುರು.

ಅವಳು ಎಲ್ಲವನ್ನೂ ಹೇಳಿದಳು. ಪುಡಿ, ನೊರೆ, ಕೊಳವೆ, ಯಾವುದನ್ನೂ ಬಿಡಲಿಲ್ಲ.

"ತಪ್ಪಾಯ್ತು ಬೈಲಪ್ಪಣ್ಣ. ಗಲೀಜು ಮಾಡಿದ್ದು ನಾನು, ಅನ್ನಿಸ್ಕೊಂಡಿದ್ದು ನೀವು. ವಾಪಸ್ ಬನ್ನಿ. ಆಫೀಸಲ್ಲಿ ಹೇಳಿ ಬಂದಿದೀನಿ."

ಬೈಲಪ್ಪನ ಮುಖ ಮೆತ್ತಗಾಯಿತು. ಅಣ್ಣ ಅಂದದ್ದು ಅವನಿಗೆ ತಟ್ಟಿದಂತಿತ್ತು. "ಅಯ್ಯೋ, ಅಷ್ಟು ದೂರದಿಂದ ಬಂದ್ಬಿಟ್ರಾ ಅಮ್ಮಾವ್ರೆ" ಅನ್ನುತ್ತ ಒಳಗೆ ಹೋದ. ಒಂದು ಗಾಜಿನ ಲೋಟವನ್ನು ಬಿಸಿನೀರಿನಲ್ಲಿ ಜಾಲಾಡಿ, ಮತ್ತೆ ಜಾಲಾಡಿ, ಬೆಳಕಿಗೆ ಹಿಡಿದು ನೋಡಿ, ಟೀ ತುಂಬಿಸಿ ತಂದು ಅವಳ ಕೈಗೆ ಕೊಟ್ಟ. "ಕುಡೀರಿ. ಕೂಲಿ ಮಾತು ಆಮೇಲೆ. ಬತ್ತೀನಂತೆ, ಅದಕ್ಕೇನು."

ರತ್ನಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಲೋಟ ಬಾಯಿಯ ಹತ್ತಿರ ತಂದಳು. ತರುವಾಗ ಎಡಗೈ ತನ್ನಷ್ಟಕ್ಕೆ ತಾನೇ ಸೆರಗಿನ ತುದಿ ಹಿಡಿದು, ಲೋಟದ ಅಂಚನ್ನು ಸುತ್ತ ಒಮ್ಮೆ ಒರೆಸಿತು.

ಬೈಲಪ್ಪ ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ಅಲ್ಲೂ ಇಂಗೇ ಅಮ್ಮಾವ್ರೆ" ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ತೊಳೆದಿಟ್ಟು ಅತ್ಲಾಗೋದ್ರೆ ನೀವು ಇನ್ನೊಂದ್ಸಲ ತೊಳೀತಿದ್ರಿ. ನೋಡ್ತಿದ್ದೆ. ಬಾಯ್ಬಿಟ್ಟು ಏಳಾಕೆ ನಾಚ್ಕೆ ಆಗ್ತಿತ್ತು." ಹೆಗಲ ಟವೆಲ್ಲಿನಿಂದ ಬೆಂಚು ಒರೆಸಿದ. "ನಾನ್ ಬರಲ್ಲ ಬಿಡಿ. ಇಲ್ಲಿ ನಾ ತೊಳೆದಿದ್ರಲ್ಲಿ ಜನ ಉಣ್ತಾರೆ."

ಒಳಗೆ ಯಾರೋ ತಟ್ಟೆ ಕೇಳಿದರು, ಅವನು ಹೋದ.

ರತ್ನಮ್ಮ ಟೀ ಕುಡಿದಳು, ತಳದವರೆಗೂ. ಟೀ ಚೆನ್ನಾಗಿತ್ತು. ಖಾಲಿ ಲೋಟವನ್ನು ಅವನು ಹಿಡಿದಿದ್ದಂತೆಯೇ ಬೆಳಕಿಗೆ ಹಿಡಿದು ನೋಡಿದಳು. ಎಲ್ಲೂ ಒಂದು ಕಲೆ ಇರಲಿಲ್ಲ. ಅಂಚಿನಲ್ಲಿ ಮಾತ್ರ ಅವಳ ಸೆರಗಿನ ಒಂದು ಎಳೆ ಅಂಟಿಕೊಂಡಿತ್ತು.